ಇಳಕಲ್ ಸೀರೆ ಮಾರುವ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣುತ್ತಲೇ ಇಲ್ಲ, ಮೊದಲು ಏನು ಸರಿಪಡಿಸಬೇಕು?

ನೂಲಿನುಂಡೆ:
ಇಳಕಲ್‌ನಲ್ಲಿ ಕೈಮಗ್ಗದ ಸೀರೆ ಅಂಗಡಿ. ವರ್ಡ್‌ಪ್ರೆಸ್, ವೂಕಾಮರ್ಸ್ ಮೇಲೆ ಸೈಟ್ ಕಟ್ಟಿಸಿ ಏಳು ತಿಂಗಳಾಯಿತು. 140 ಸೀರೆಗಳ ಪುಟಗಳಿವೆ, ಕನ್ನಡ, ಇಂಗ್ಲಿಷ್ ಎರಡರಲ್ಲೂ. ಅಂಗಡಿಯ ಹೆಸರು ಹೊಡೆದರೆ ಮುಖಪುಟ ಬರುತ್ತದೆ. ‘ಇಳಕಲ್ ಸೀರೆ’ ಎಂದು ಹುಡುಕಿದರೆ ಎಷ್ಟು ಕೆಳಗೆ ಹೋದರೂ ಇಲ್ಲ. ಕನ್ನಡ ಪುಟಗಳಂತೂ ಒಂದೂ ಸಿಗುವುದಿಲ್ಲ. ತಿಂಗಳಿಗೆ 12,000 ರೂಪಾಯಿ ಕೊಟ್ಟರೆ 500 ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಲಿಂಕ್) ಹಾಕಿ ಮೂರು ತಿಂಗಳಲ್ಲಿ ಮೊದಲ ಪುಟಕ್ಕೆ ತರುತ್ತೇವೆ ಎಂದು ಒಂದು ಏಜೆನ್ಸಿಯವರು ಹೇಳುತ್ತಿದ್ದಾರೆ. ಕೊಡಬಹುದಾ? ಅಥವಾ ಅದೇ ದುಡ್ಡನ್ನು ಜಾಹೀರಾತಿಗೆ ಹಾಕಲಾ?

ಕಡತಗಾರ:
ಲಿಂಕ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡು ಕೊಟ್ಟು ಕೊಂಡ ಲಿಂಕ್ ಗೂಗಲ್ ನಿಯಮದ ಪ್ರಕಾರ ಸ್ಪ್ಯಾಮ್. ಹೆಚ್ಚಿನ ಸಲ ಲೆಕ್ಕಕ್ಕೇ ಬರುವುದಿಲ್ಲ, ಕೆಟ್ಟರೆ ಸೈಟಿಗೇ ದಂಡ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗದು ಎಂದು ಗೂಗಲ್ಲೇ ಹೇಳುತ್ತದೆ.

ನಿಮ್ಮದು ಹಿಂದೆ ಬಿದ್ದಿರುವ ಸೈಟ್ ಅಲ್ಲ, ಮುಖಪುಟ ಬಿಟ್ಟು ಉಳಿದ ಪುಟಗಳನ್ನು ಗೂಗಲ್ ಇನ್ನೂ ತನ್ನ ಪಟ್ಟಿಗೆ ಸೇರಿಸಿಯೇ ಇಲ್ಲದ ಸೈಟ್ ಅನ್ನಿಸುತ್ತಿದೆ. ಸೈಟ್ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಡೊಮೇನ್ (ಸೈಟ್ ವಿಳಾಸ) ಸೇರಿಸಿ, ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಕೊಟ್ಟು, ಒಂದೆರಡು ವಾರ ಬಿಟ್ಟು ‘ಪೇಜಸ್’ ವರದಿ ತೆರೆಯಿರಿ. 140ರಲ್ಲಿ ಎಷ್ಟು ಇಂಡೆಕ್ಸ್ ಆಗಿವೆ (ಗೂಗಲ್ ಪಟ್ಟಿಗೆ ಸೇರಿವೆ), ಉಳಿದವು ಯಾವ ಕಾರಣಕ್ಕೆ ಹೊರಗಿವೆ ಎಂದು ಅಲ್ಲೇ ಇರುತ್ತದೆ. ‘ನೋಇಂಡೆಕ್ಸ್’ (ಪಟ್ಟಿಗೆ ಸೇರಿಸಬೇಡ) ಎಂದಿದ್ದರೆ ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ‘ರೀಡಿಂಗ್’ ವಿಭಾಗ ನೋಡಿ. ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಟಿಕ್ ಅಲ್ಲಿದೆ. ಸೈಟ್ ಕಟ್ಟುವಾಗ ಹಾಕಿ, ಒಪ್ಪಿಸುವಾಗ ತೆಗೆಯಲು ಮರೆಯುವುದು ಮಾಮೂಲು. ‘ಕ್ರಾಲ್ ಆಗಿದೆ, ಇಂಡೆಕ್ಸ್ ಆಗಿಲ್ಲ’ ಎಂದಿದ್ದರೆ ಬೇರೆ ರೋಗ: ಗೂಗಲ್ ಪುಟ ಓದಿದೆ, ಇಟ್ಟುಕೊಳ್ಳುವಂಥದ್ದು ಸಿಕ್ಕಿಲ್ಲ. 140 ಸೀರೆಗೂ ಒಂದೇ ಮೂರು ಸಾಲಿನ ವಿವರಣೆ ಅಂಟಿಸಿದ್ದರೆ ಹೀಗೇ ಆಗುವುದು.

ಕನ್ನಡ ಪುಟಗಳ ಬಗ್ಗೆ ನನಗೊಂದು ಗುಮಾನಿ. ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಕನ್ನಡವೇ ಬಂದರೆ ಸರಿ. ಪೌಂಡ್ ಗುರುತು, ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಕಣ್ಣಿಗೆ ಕನ್ನಡ, ಗೂಗಲ್‌ಗೆ ಅರ್ಥವಿಲ್ಲದ ಅಕ್ಷರರಾಶಿ.

ನೂಲಿನುಂಡೆ:
ಅದೇ ಆಗೇತ್ರಿ! ಡಿಟಿಪಿಯವರು ನುಡಿಯೊಳಗ ಟೈಪ್ ಮಾಡಿ ಕೊಟ್ಟಿದ್ದನ್ನ ಹಂಗೇ ಹಾಕ್ಯಾರ. ಕೆಲವು ಪುಟದಾಗ ವಿವರಣೆ ಫೋಟೊ ಒಳಗೇ ಐತಿ. ರೀಡಿಂಗ್ ಟಿಕ್ ಮಾತ್ರ ಇಲ್ಲ, ನೋಡಿದೆ.

ಕಡತಗಾರ:
ಹಾಗಾದರೆ ಪೂರ್ತಿ ಪಠ್ಯವನ್ನು ಆಸ್ಕಿಯಿಂದ ಯೂನಿಕೋಡ್‌ಗೆ (ಗೂಗಲ್ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ. ಉಚಿತ ಪರಿವರ್ತಕಗಳಿವೆ. ಆದರೆ ಅರ್ಕಾವತ್ತು, ಒತ್ತಕ್ಷರ, ನಡುವೆ ಬಂದ ಇಂಗ್ಲಿಷ್ ಪದ ಮತ್ತು ಅಂಕಿಗಳು ಕೆಡುತ್ತವೆ, ಬೆಲೆ ಇರುವ ಸಾಲುಗಳನ್ನಾದರೂ ಕಣ್ಣಿಟ್ಟು ಓದಿ. ಥೀಮ್‌ನಿಂದ ಆ ಹಳೆಯ ಫಾಂಟನ್ನೂ ಕಿತ್ತುಹಾಕಿ, ಇಲ್ಲದಿದ್ದರೆ ಹೊಸ ಪಠ್ಯವೂ ಚೆಲ್ಲಾಪಿಲ್ಲಿಯಾಗಿ ಕಂಡೀತು. ಫೋಟೊದೊಳಗಿನ ಬರಹವನ್ನು ಹೊರಗೆ ಟೈಪ್ ಮಾಡಿಸಿ. ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ವಿಳಾಸ ಇರಲಿ, ಎರಡನ್ನೂ ಎಚ್‌ರೆಫ್‌ಲ್ಯಾಂಗ್‌ನಿಂದ (ಇದು ಅದೇ ಪುಟದ ಇನ್ನೊಂದು ಭಾಷೆಯ ರೂಪ ಎಂದು ಗೂಗಲ್‌ಗೆ ಹೇಳುವ ಗುರುತು) ಜೋಡಿಸಿ. ಬಟನ್ ಒತ್ತಿದಾಗ ಬ್ರೌಸರಿನಲ್ಲೇ ಭಾಷೆ ಬದಲಿಸುವ ಪ್ಲಗಿನ್ ಆದರೆ ಕನ್ನಡ ಪುಟವೆಂಬುದು ಗೂಗಲ್ ಪಾಲಿಗೆ ಹುಟ್ಟುವುದೇ ಇಲ್ಲ.

ಪದಶೋಧಕ:
ಮೇಲಿನದ್ದು ಮುಗಿದ ಮೇಲೆ ಪದಗಳ ವಿಚಾರ. ಬರೀ ‘ಇಳಕಲ್ ಸೀರೆ’ಗೆ ದೊಡ್ಡ ಮಾರಾಟ ತಾಣಗಳ ಜೊತೆ ಗುದ್ದಾಡುವುದು ಸದ್ಯಕ್ಕೆ ವ್ಯರ್ಥ. ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಮಾತನ್ನೇ ಹಿಡಿಯಿರಿ: ಚಿಕ್ಕಿ ಪರಾಸ್ ದಡಿ, ಗೋಮಿ ದಡಿ, ಟೋಪೆ ತೆನಿ ಸೆರಗು, ಕಸೂತಿ ಹಾಕಿದ್ದು, ಒಂಬತ್ತು ಗಜ, ಗುಳೇದಗುಡ್ಡ ಖಣದ ಜೊತೆ. ಇವಕ್ಕೆ ಹುಡುಕುವವರು ಕಡಿಮೆ, ಆದರೆ ಹುಡುಕಿದವರು ಕೊಳ್ಳಲು ಬಂದವರು. ಒಂದೊಂದಕ್ಕೂ ಒಂದು ಕಾಯಂ ವಿಭಾಗದ ಪುಟ ಮಾಡಿ, ಮೇಲೆ 150–200 ಪದ ಬರೆಯಿರಿ: ದಡಿ ಎಷ್ಟು ಇಂಚು, ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಅಪ್ಪಟ ರೇಷ್ಮೆಯೋ ಆರ್ಟ್ ಸಿಲ್ಕೋ, ಒಗೆಯುವುದು ಹೇಗೆ. ಒಡಲಿನ ಹಾಸಿಗೂ (ಉದ್ದದ ನೂಲಿಗೂ) ಸೆರಗಿನ ಹಾಸಿಗೂ ಕುಣಿಕೆ ಹಾಕಿ ಜೋಡಿಸುವ ಜಾಗದ ಹತ್ತಿರದ ಫೋಟೊ ಒಂದಿರಲಿ. ಕೈಮಗ್ಗದ ಸೀರೆ ಗುರುತಿಸಲು ಜನ ನೋಡುವುದು ಅದನ್ನೇ, ಅದು ಬೇರೆಯವರ ಪುಟದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕಾಗುಣಿತವನ್ನೂ ನೋಡಿ. ಕನ್ನಡದಲ್ಲಿ ಇಳಕಲ್, ಇಲಕಲ್ ಎರಡೂ ಓಡುತ್ತವೆ. ಮಹಾರಾಷ್ಟ್ರದವರು ‘ಇರಕಲ್’ ಅನ್ನುತ್ತಾರೆ, ಅವರು ದೊಡ್ಡ ಗಿರಾಕಿಗಳು. ಆ ರೂಪ ಒಂದು ಕಡೆ ಸಹಜವಾಗಿ ಬಂದರೆ ಸಾಕು. ಪ್ರತಿ ಸಾಲಿಗೂ ತುರುಕಬೇಡಿ. ಪುಟದ ಶೀರ್ಷಿಕೆ ಇಂಗ್ಲಿಷಿನಲ್ಲಾದರೆ 55–60 ಅಕ್ಷರದೊಳಗೆ ಮುಗಿಯಲಿ, ಸೀರೆಯ ಜಾತಿ ಮೊದಲು, ಅಂಗಡಿ ಹೆಸರು ಕೊನೆಗೆ.

ಫೋಟೊಗಳು ಮೊಬೈಲಿನಿಂದ ನೇರವಾಗಿ ಏರಿಸಿದ್ದಾದರೆ ಒಂದೊಂದು 4–5 ಎಂಬಿ ಇರುತ್ತದೆ. 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ (ಹಗುರವಾದ ಚಿತ್ರದ ನಮೂನೆ) ಮಾಡಿ, 150 ಕೆಬಿಯೊಳಗೆ ತನ್ನಿ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್‌ನ ಅಳತೆ. ಮೇಲಿನ ಮೊದಲ ಚಿತ್ರಕ್ಕೆ ಮಾತ್ರ ಲೇಜಿ ಲೋಡ್ (ಓದುಗರು ಆ ಜಾಗಕ್ಕೆ ಬಂದಾಗಷ್ಟೇ ಚಿತ್ರ ತರುವುದು) ಹಾಕಬೇಡಿ, ಅದು ಉಲ್ಟಾ ನಿಧಾನ ಮಾಡುತ್ತದೆ.

ನೂಲಿನುಂಡೆ:
ಒಂದು ಸಂಶಯ. ನಮ್ಮಲ್ಲಿ ಒಂದು ಬಣ್ಣಕ್ಕೆ ಒಂದೇ ಸೀರೆ ಇರುತ್ತದೆ. ಮಾರಿದ ಕೂಡಲೇ ಪುಟ ಅಳಿಸುತ್ತಿದ್ದೇವೆ. ಇದರಿಂದ ತೊಂದರೆ ಇದೆಯೇ?

ಪದಶೋಧಕ:
ಇದೆ. ಇಂಡೆಕ್ಸ್ ಆದ ಪುಟ, ಇನ್‌ಸ್ಟಾಗ್ರಾಂನಲ್ಲಿ ಹಂಚಿದ ಲಿಂಕ್, ಎಲ್ಲವೂ 404 (‘ಪುಟ ಸಿಗಲಿಲ್ಲ’) ಆಗುತ್ತದೆ. ಅದೇ ನಮೂನೆ ಮತ್ತೆ ನೇಯುವುದಾದರೆ ಪುಟ ಉಳಿಸಿ, ‘ಮಾರಾಟವಾಗಿದೆ’ ಎಂದು ಹಾಕಿ, ಕೆಳಗೆ ಅದೇ ದಡಿಯ ಬೇರೆ ಸೀರೆ ತೋರಿಸಿ. ಇನ್ನು ಬರುವುದೇ ಇಲ್ಲ ಎಂದಾದರೆ ಆ ವಿಭಾಗದ ಪುಟಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸವನ್ನು ಕಾಯಂ ಆಗಿ ತಿರುಗಿಸುವುದು). ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವವರಿದ್ದಾರೆ. ಗೂಗಲ್ ಅದನ್ನು 404ಕ್ಕೆ ಸಮವೆಂದೇ ಎಣಿಸಬಹುದು.

ಪೇಟೆಬೀದಿ:
ಮೂಲ ಪ್ರಶ್ನೆಯಲ್ಲಿ ಅಂಗಡಿ ಇದೆ ಅಂದಿರಿ, ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ, ಹುಡುಕಾಟದಲ್ಲಿ ಅಂಗಡಿಯ ವಿವರ ತೋರಿಸುವುದು) ಮಾತೇ ಇಲ್ಲವಲ್ಲ? ಇದು ಖರ್ಚಿಲ್ಲದ್ದು, ಸೈಟಿಗಿಂತ ಬೇಗ ಫಲ ಕೊಡುವಂಥದ್ದು. ಪರಿಶೀಲನೆಗೆ ವಿಡಿಯೊ ಕೇಳಿದರೆ ಬೀದಿ, ಬೋರ್ಡ್, ಕೀಲಿ ತೆಗೆದು ಒಳಹೋಗುವುದು, ಗಲ್ಲಾ, ಇಷ್ಟೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೆಗೆಯಿರಿ. ಮುಖ್ಯ ವರ್ಗ ‘ಸೀರೆ ಅಂಗಡಿ’. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವುದಷ್ಟೇ; ‘ಬೆಸ್ಟ್ ಇಳಕಲ್ ಸ್ಯಾರೀಸ್ ಹೋಲ್‌ಸೇಲ್’ ಎಂದು ಬಾಲ ಅಂಟಿಸಿದರೆ ಪ್ರೊಫೈಲೇ ಅಮಾನತಾಗಬಹುದು. ರಿವ್ಯೂ ಲಿಂಕಿನ ಕ್ಯೂಆರ್ ಕೋಡ್ ಅನ್ನು ಬಿಲ್ಲಿನ ಹಿಂದೆ ಅಚ್ಚು ಹಾಕಿಸಿ. ರಿವ್ಯೂಗೆ ರಿಯಾಯಿತಿ ಕೊಡುವುದು ನಿಯಮಬಾಹಿರ.

ಜಿಪುಣ_ಮಾರ್ಕೆಟರ್:
ಜಾಹೀರಾತಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಹಾಕಬಹುದು, ಆದರೆ ಮೊದಲು ಎಣಿಕೆ ಕೂಡಿಸಿ. ನಿಮ್ಮಂಥ ಅಂಗಡಿಗೆ ಆರ್ಡರ್ ಬರುವುದು ಬಹುಪಾಲು ವಾಟ್ಸಾಪ್‌ನಲ್ಲೇ. ಜಿಎ4ನಲ್ಲಿ (ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್) ವಾಟ್ಸಾಪ್ ಲಿಂಕಿನ ಕ್ಲಿಕ್ ಹೊರಲಿಂಕಿನ ಕ್ಲಿಕ್ಕಾಗಿ ತಾನಾಗಿ ದಾಖಲಾಗುತ್ತದೆ. ಅದನ್ನು ಮಾತ್ರ ಬೇರ್ಪಡಿಸಿ ಕೀ ಇವೆಂಟ್ (ಮುಖ್ಯವೆಂದು ಎಣಿಸುವ ಕ್ರಿಯೆ) ಮಾಡಿ. ಇದಿಲ್ಲದೆ ಹಾಕಿದ ದುಡ್ಡು ಎತ್ತ ಹೋಯಿತೆಂದು ತಿಳಿಯುವುದೇ ಇಲ್ಲ.

ಗೂಗಲ್ ಆಡ್ಸ್‌ನಲ್ಲಿ ದಿನಕ್ಕೆ 300 ರೂಪಾಯಿಯಿಂದ ಶುರು ಮಾಡಿ. ಯಾವುದೋ ದಿನ 600 ಹೋದರೆ ಗಾಬರಿ ಬೇಡ. ಒಂದು ದಿನಕ್ಕೆ ಎರಡರಷ್ಟು ಹೋಗಬಹುದು, ತಿಂಗಳಿಗೆ ದಿನದ ಮೊತ್ತದ 30.4 ಪಟ್ಟು ಮೀರದು. ಮೇಲೆ 18% ಜಿಎಸ್‌ಟಿ. ಸರ್ಚ್ ಕ್ಯಾಂಪೇನ್ (ಹುಡುಕಿದವರಿಗೆ ಕಾಣುವ ಜಾಹೀರಾತು) ಮಾತ್ರ, ಬೇರೆ ಸೈಟುಗಳಲ್ಲಿ ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್‌ನ ಟಿಕ್ ತೆಗೆಯಿರಿ. ಸ್ಥಳದ ಆಯ್ಕೆಯಲ್ಲಿ ಆ ಊರಲ್ಲಿ ಇರುವವರು ಎಂಬುದನ್ನೇ ಆರಿಸಿ, ತಾನಾಗಿ ಬರುವ ‘ಆಸಕ್ತಿ ಇರುವವರೂ’ ಬೇಡ. ಬೆಂಗಳೂರು, ಹುಬ್ಬಳ್ಳಿ, ಸೊಲ್ಲಾಪುರ, ಪುಣೆ ಸಾಕು. ಪದಗಳಿಗೆ ಬ್ರಾಡ್ ಮ್ಯಾಚ್ (ದೂರದ ಸಂಬಂಧವಿರುವ ಹುಡುಕಾಟಕ್ಕೂ ತೋರಿಸುವುದು) ಬಿಟ್ಟು ಬಿಗಿಯಾದ ಫ್ರೇಸ್ ಅಥವಾ ಎಕ್ಸಾಕ್ಟ್ ಆರಿಸಿ. ಇಮೇಜ್, ಬ್ಲೌಸ್ ಡಿಸೈನ್, ಉಡುವುದು ಹೇಗೆ, ಇವನ್ನೆಲ್ಲ ನೆಗೆಟಿವ್ ಪಟ್ಟಿಗೆ (ಜಾಹೀರಾತು ತೋರಿಸಬಾರದ ಪದಗಳು) ಸೇರಿಸಿ. ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ವರದಿ (ಜನ ನಿಜವಾಗಿ ಹುಡುಕಿದ ಪದಗಳು) ನೋಡಿ ಇನ್ನಷ್ಟು ಹಾಕಿ.

ಇನ್ನೊಂದು: ಗೂಗಲ್‌ನ ಮರ್ಚೆಂಟ್ ಸೆಂಟರ್‌ನಲ್ಲಿ ಉಚಿತ ಪಟ್ಟಿ ಇದೆ, ಗೂಗಲ್‌ನ ಶಾಪಿಂಗ್ ವಿಭಾಗದಲ್ಲಿ ಸೀರೆಗಳು ಕಾಣುತ್ತವೆ. ಅದಕ್ಕೆ ಸೈಟಿನಲ್ಲೇ ಹಣ ಕಟ್ಟುವ ವ್ಯವಸ್ಥೆ, ವಾಪಸಾತಿ ನಿಯಮ, ಸಾಗಣೆ ದರ ಇರಬೇಕು. ಫೀಡಿನ (ಅಲ್ಲಿಗೆ ಕಳಿಸುವ ಸೀರೆಗಳ ಮಾಹಿತಿಪಟ್ಟಿ) ಬೆಲೆಯೂ ಪುಟದ ಬೆಲೆಯೂ ಒಂದೇ ಇರಬೇಕು, ಮಾರಿದ ಸೀರೆ ಅಂದೇ ‘ಸ್ಟಾಕ್ ಇಲ್ಲ’ ಎಂದು ಬದಲಾಗಬೇಕು. ಎಲ್ಲವೂ ಒಂದೊಂದೇ ಸೀರೆ ಆದ್ದರಿಂದ ನಿಮ್ಮಂಥವರು ಎಡವುವುದು ಇಲ್ಲೇ. ಕೈಯಲ್ಲಿ ಶೀಟ್ ತುಂಬಬೇಡಿ, ವೂಕಾಮರ್ಸ್ ಪ್ಲಗಿನ್‌ನಿಂದ ಫೀಡ್ ಹೋಗಲಿ.

ನೂಲಿನುಂಡೆ:
ಏಜೆನ್ಸಿಗೆ ಬ್ಯಾಡ ಅಂದೇನ್ರಿ. ಮೊದಲ ಯೂನಿಕೋಡ್, ಆಮೇಲೆ ಆರು ವಿಭಾಗದ ಪುಟ. ಗೋಮಿ ದಡಿಯಿಂದ ಶುರು ಮಾಡ್ತೀನಿ, ಅದರ ಮಾಲೇ ಜಾಸ್ತಿ ಐತಿ.