‘ಹ್ಯಾಂಡ್ಸ್-ಆನ್’, ‘ಮೆನು ಡೈವಿಂಗ್’: ಕನ್ನಡದಲ್ಲಿ ಏನೆನ್ನಬಹುದು?

ಸಿಂಥಸೈಜರ್‌ಗಳ (ವಿದ್ಯುನ್ಮಾನದಿಂದ ನಾದ ಹುಟ್ಟಿಸುವ ವಾದ್ಯಗಳ) ಬಗ್ಗೆ ಲೇಖನವೊಂದನ್ನು ಬರೆಯುತ್ತಿರುವ ನನಗೆ ಎರಡು ಪದಗಳು ಬೇಕಾಗಿವೆ: ನಾಬ್ ತಿರುಗಿಸಿ ನಾದವನ್ನು ನೇರವಾಗಿ ತಿದ್ದುವ ‘ಹ್ಯಾಂಡ್ಸ್-ಆನ್’ ಬಗೆಗೆ ಒಂದು, ಪರದೆಯ ಮೆನುಗಳೊಳಗೆ ಹುಡುಕಿ ತಿದ್ದುವ ‘ಮೆನು ಡೈವಿಂಗ್’ಗೆ ಇನ್ನೊಂದು. 1970ರ ಮಿನಿಮೂಗ್‌ನಲ್ಲಿ ಫಿಲ್ಟರ್ ಕಟಾಫ್‌ಗೆ (ನಾದದ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಮಿತಿಗೆ) ಅದರದೇ ನಾಬ್ ಇದೆ. ನುಡಿಸುತ್ತಲೇ ಕೈಚಾಚಿ ತಿರುಗಿಸಿದರೆ ನಾದ ಆ ಕ್ಷಣವೇ ಬದಲಾಗುತ್ತದೆ. 1983ರ ಯಮಾಹಾ ಡಿಎಕ್ಸ್7ರಲ್ಲಿಯಾದರೋ ಆರು ಆಪರೇಟರ್‌ಗಳ (ನಾದವನ್ನು ಕಟ್ಟುವ ಘಟಕಗಳ) ನೂರಕ್ಕೂ ಹೆಚ್ಚು ಮೌಲ್ಯಗಳನ್ನು, ಚಪ್ಪಟೆ ಬಟನ್‌ಗಳಿಂದ ಒಂದೊಂದಾಗಿ ಆರಿಸಿಕೊಂಡು, ಎರಡು ಸಾಲಿನ ಪುಟ್ಟ ಪರದೆಯನ್ನು ನೋಡುತ್ತ, ಒಂದೇ ಸ್ಲೈಡರ್‌ನಿಂದ ತಿದ್ದಬೇಕು.

ಮೊದಲನೆಯ ಬಗೆಗೆ ‘ಹಸ್ತಚಾಲಿತ’ ಎಂದು ಬರೆದು ಹೊಡೆದುಹಾಕಿದೆ. ಆ ಪದ ಸ್ವಯಂಚಾಲಿತಕ್ಕೆ ಎದುರಾದದ್ದು. ಡಿಎಕ್ಸ್7ನ ಬಟನ್ ಒತ್ತುವುದೂ ಕೈಯೇ ಅಲ್ಲವೇ? ‘ಕೈಗೆಟುಕುವ’ ಎಂದರೆ ಓದುಗರು ಬೆಲೆಯ ಮಾತೆಂದುಕೊಳ್ಳುತ್ತಾರೆ. ನಾಬ್‌ಗೆ ‘ಗುಂಡಿ’ ಎನ್ನೋಣವೆಂದರೆ ಅದು ಬಟನ್ನಿಗೂ ಸಲ್ಲುತ್ತದೆ, ಹಳ್ಳಕ್ಕೂ ಸಲ್ಲುತ್ತದೆ. (ಮೆನುವಿನೊಳಗೆ ಕಳೆದುಹೋದವರಿಗೆ ಎರಡನೆಯ ಅರ್ಥವೇ ಹೆಚ್ಚು ಒಪ್ಪೀತು.)

ಇಲ್ಲಿ ನಿಜವಾದ ವ್ಯತ್ಯಾಸವಿರುವುದು ಕೈಯಲ್ಲಲ್ಲ, ಒಂದು ಹಿಡಿಕೆಗೆ ಒಂದೇ ಕೆಲಸ ಗೊತ್ತಾಗಿದೆಯೇ ಎಂಬುದರಲ್ಲಿ. ಹಾಗೆ ಯೋಚಿಸುವಾಗ ವೀಣೆ, ತಂಬೂರಿಗಳ ‘ಬಿರಡೆ’ ನೆನಪಾಯಿತು: ಒಂದು ಬಿರಡೆಗೆ ಒಂದೇ ತಂತಿ, ಯಾವುದು ಯಾವುದರದೆಂದು ನುಡಿಸುವವರ ಬೆರಳಿಗೆ ಗೊತ್ತು. ಆದ್ದರಿಂದ ನಾಬ್‌ಗೆ ‘ಬಿರಡೆ’ ಎಂದೂ, ಈ ಬಗೆಯ ವಿನ್ಯಾಸಕ್ಕೆ ‘ನೇರಹಿಡಿತ’ ಎಂದೂ ಬಳಸಬಹುದೆನಿಸುತ್ತದೆ. ಬಾಟಲಿಯ ಮುಚ್ಚಳಕ್ಕೂ ಬಿರಡೆಯೆನ್ನುವುದುಂಟು, ಆದರೆ ಸಂಗೀತದ ಸಂದರ್ಭದಲ್ಲಿ ಅದು ಅಡ್ಡಬರಲಾರದು.

ಎರಡನೆಯದಕ್ಕೆ ‘ಮೆನು ಜಾಲಾಡುವುದು’ ಎನ್ನೋಣವೇ? ಮೆನುವಿಗೆ ‘ಪರಿವಿಡಿ’ ಎಂದರೆ ಅದು ಪುಸ್ತಕದ ವಾಸನೆಯನ್ನು ಬಿಡದು. ‘ಮುಳುಗುವುದು’ ಎಂಬ ಅನುವಾದದಲ್ಲಿ ಹುಡುಕಾಟದ ಬೇಸರ ಬರದು. ‘ಜಾಲಾಡು’ವಿನಲ್ಲಿ ಅದು ತಾನಾಗಿಯೇ ಇದೆ.

ಒಂದು ತೊಡಕು ಮಾತ್ರ ಉಳಿದಿದೆ. 1978ರ ಪ್ರಾಫೆಟ್-5 ಎಂಬ ಸಿಂಥಸೈಜರ್ ನಾಬ್‌ಗಳ ಜೊತೆಗೆ ನಾದಗಳನ್ನು ಉಳಿಸಿಡುವ ಸ್ಮೃತಿಯನ್ನೂ ತಂದಿತು. ಉಳಿಸಿದ ನಾದವನ್ನು ಮರಳಿ ಕರೆದಾಗ ಬಿರಡೆ ಹಿಂದಿದ್ದಲ್ಲಿಯೇ ಇರುವುದರಿಂದ ಅದು ತೋರಿಸುವುದೊಂದು, ಕೇಳುವುದು ಇನ್ನೊಂದು; ಇಂಥ ವಾದ್ಯಗಳಲ್ಲಿ ಬಿರಡೆಯನ್ನು ಮುಟ್ಟಿದೊಡನೆ ಮೌಲ್ಯ ಥಟ್ಟನೆ ಹಾರುವುದುಂಟು. ಈ ಹಾರಿಕೆಗೆ ‘ಬಿರಡೆ ಜಿಗಿತ’ ಎಂದರೆ ಬಿರಡೆಯೇ ಕಿತ್ತು ಹಾರಿದಂತೆ ಕೇಳಿಸುತ್ತದೆ. ಇದಕ್ಕಿಂತ ತಕ್ಕ ಪದ ಯಾರಿಗಾದರೂ ಹೊಳೆದರೆ ತಿಳಿಸಬೇಕಾಗಿ ಕೋರುತ್ತೇನೆ.