ಅರ್ಜೆಂಟ್: ಹೋಲ್ಸ್ಟರಿಗೆ ಕನ್ನಡ ಪದ ಎಂತ? ಮಿಸ್‌ಫೈರ್ ಅಂತ ಬರೆದ್ರೆ ಸರಿಯಾ?

ಮಡಿಕೇರಿ, ರಾತ್ರಿ 9:40

ಎಲ್ರಿಗೂ ನಮಸ್ಕಾರ. ನಾಳೆ ಹನ್ನೊಂದಕ್ಕೆ ಫ್ಲೆಕ್ಸ್ ಪ್ರಿಂಟಿಗೆ ಕೊಡ್ಬೇಕು, ಎರಡು ಮೂರು ಪದದಲ್ಲಿ ಸಿಕ್ಕಾಕೊಂಡಿದೀನಿ. ಇಲ್ಲಿ ಒಂದು ಶೂಟಿಂಗ್ ರೇಂಜಿನವರು ಪಿಸ್ತೂಲ್ ಕಲಿಯೋಕೆ ಬರೋರಿಗೆ ಸೂಚನೆ ಬೋರ್ಡ್ ಮಾಡಿಸ್ತಿದಾರೆ, ಇಂಗ್ಲಿಷ್ ಅವರದ್ದು, ಕನ್ನಡ ನನ್ನ ತಲೆಗೆ ಕಟ್ಟಿದಾರೆ. ಆಕ್ಸಿಡೆಂಟಲ್ ಡಿಸ್‌ಚಾರ್ಜ್‌ಗೆ, ಅಂದ್ರೆ ಬೇಕಂತ ಅಲ್ಲದೆ ಗುಂಡು ಹಾರೋದಕ್ಕೆ, ಪೇಪರಲ್ಲಿ ಬರೋ ಹಾಗೆ 'ಮಿಸ್‌ಫೈರ್' ಹಾಕಿದೆ. ಪಿಸ್ತೂಲ್ ಇಟ್ಟು ಸೊಂಟಕ್ಕೆ ಕಟ್ಟಿಕೊಳ್ಳೋ ಹೋಲ್ಸ್ಟರಿಗೆ 'ಪಿಸ್ತೂಲ್ ಚೀಲ' ಅಂತ ಬರೆದೆ, ಓದಿದ್ರೆ ಸಂತೆಗೆ ಹೊರಟ ಹಾಗಿದೆ. ಟ್ರಿಗರಿಗೆ ಡಿಕ್ಷನರಿ 'ಕುದುರೆ' ಅಂತದೆ. "ಗುರಿ ಹಿಡಿಯುವ ತನಕ ಕುದುರೆ ಮೇಲೆ ಬೆರಳಿಡಬಾರದು" ಅಂತ ಬರೆದು ಮಗನಿಗೆ ತೋರಿಸಿದೆ, ಇನ್ನೂ ನಗ್ತಾ ಇದಾನೆ.

ಕುಶಾಲನಗರ, 10:05

ಒರೆ. ಇದಕ್ಕೂ ಚರ್ಚೆ ಬೇಕೇ? ಕತ್ತಿಗೆ ಹಳಗನ್ನಡದಿಂದಲೂ ಒರೆ ಇದೆ, ಕೈಕೋವಿಗೂ ಅದೇ ಸಾಕು. ಪಿಸ್ತೂಲು ಪೋರ್ಚುಗೀಸರದ್ದು, ತುಪಾಕಿ ತುರ್ಕರದ್ದು, ಬಂದೂಕು ಅರಬ್ಬಿ, ಅಲ್ಲಿ ಅದು ಮೊದಲು ಒಂದು ಕಾಯಿಯ ಹೆಸರು, ಕಾಯಿ ಉಂಡೆಯಾಗಿ ಉಂಡೆ ಗುಂಡಾಗಿ ಇಲ್ಲಿಗೆ ಬಂದು ಕೂತಿದೆ. ನಮ್ಮದು ಅಂತ ಉಳಿದಿರುವುದು ಕೋವಿ ಒಂದೇ, ಕೊಳವೆ ಅನ್ನುವ ಅರ್ಥದ್ದು. ಕೈಕೋವಿ, ಒರೆ, ಕುದುರೆ. ಮಿಸ್‌ಫೈರಿಗೆ 'ತಪ್ಪುಸಿಡಿತ'. ಮುಗಿಯಿತು.

ಗೋಣಿಕೊಪ್ಪ, 10:31

ಮುಗಿದಿಲ್ಲ ಮೇಷ್ಟ್ರೇ. ಮಿಸ್‌ಫೈರ್ ಅಂದ್ರೆ ಟ್ರಿಗರ್ ಎಳೆದ್ರೂ ಗುಂಡು ಹಾರದೇ ಇರೋದು. ನಮ್ಮ ಅಜ್ಜನ ಕೇಪಿನ ಕೋವಿ (ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಸಿಡಿಮುಚ್ಚಳ ಹಾಕೋದು) ಮಳೆಗಾಲದಲ್ಲಿ ಟಪ್ ಅಂತ ಸುಮ್ಮನಾಗ್ತಿತ್ತಲ್ಲ, ಹಂದಿ ನಿಂತು ನೋಡಿ ಆಮೇಲೆ ಹೋಗ್ತಿತ್ತು, ಅದು ಮಿಸ್‌ಫೈರ್. ಪೇಪರಿನವರು ತಲೆಕೆಳಗು ಮಾಡಿ ಇಟ್ಟಿದಾರೆ. 2024ರ ಅಕ್ಟೋಬರಲ್ಲಿ ಹಿಂದಿ ನಟ ಗೋವಿಂದ ಅವರ ಕಾಲಿಗೆ ಅವರದ್ದೇ ರಿವಾಲ್ವರಿನ ಗುಂಡು ತಗುಲಿದಾಗಲೂ ಮಿಸ್‌ಫೈರ್ ಅಂತಾನೇ ಓದಿದ್ವಿ. ಮಿಸ್‌ಫೈರ್ ಆಗಿದ್ರೆ ಆಸ್ಪತ್ರೆಗೆ ಯಾಕೆ ಹೋಗ್ಬೇಕಿತ್ತು ಮಾರಾಯ್ರೆ?

ಕುದುರೆನೂ ಬೇಡ. ಹಳೇ ಕೋವೀಲಿ ಕುದುರೆ ಅಂದ್ರೆ ಮೇಲೆ ಎತ್ತಿ ನಿಲ್ಲಿಸೋದು, ಕೇಪಿನ ಮೇಲೆ ಬಂದು ಬಡಿಯುತ್ತಲ್ಲ ಅದು. ಕೈಕೋವಿ ಇನ್ನೂ ಅಪಾಯ, ನಮ್ಮ ಜಿಲ್ಲೇಲಿ ಕೋವಿ ಅಂದ ಕೂಡ್ಲೇ ಜನಕ್ಕೆ ನೆನಪಾಗೋದು ಲೈಸೆನ್ಸಿಲ್ಲದೆ ಕೋವಿ ಇಟ್ಕೊಳ್ಳೋ ವಿನಾಯಿತಿ, ಈಗ 2029ರ ತನಕ ಮುಂದುವರಿಸಿರೋದು. ಪಿಸ್ತೂಲಿಗೂ ಅದೇ ಅಂತ ಯಾರೂ ತಾವೇ ಅಂದ್ಕೊಳ್ಳೋದು ಬೇಡ. ಬೋರ್ಡ್ ಓದಿದವನಿಗೆ ಇದೂ ಕೋವಿನೇ ಅಲ್ವಾ ಅಂತ ಅನಿಸಬಾರದು.

ವಿರಾಜಪೇಟೆ, 10:58

ಕೊಡಗಿನ ಬೋರ್ಡಿಗೆ ಕೊಡಗಿನ ಪದ ಯಾಕೆ ಯಾರಿಗೂ ಹೊಳೀಲಿಲ್ಲ? ತೊಡಂಗ್! ಕೊಡವರ ಉಡುಪು ಕುಪ್ಯಚೇಲೆ ಹಾಕಿದಾಗ ಸೊಂಟದ ಹಿಂದೆ ಒಡಿಕತ್ತಿ ಸಿಕ್ಕಿಸೋ ಲೋಹದ ಕೊಂಡಿ. ಆಯುಧದ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡೋರು ನಾವು, ಸೊಂಟಕ್ಕೆ ಆಯುಧ ಕಟ್ಟೋದಕ್ಕೆ ಡಚ್ಚೋ ಇಂಗ್ಲಿಷೋ ಯಾವ ಪದನೂ ಸಾಲ ತರಬೇಕಾಗಿಲ್ಲ.

ಗೋಣಿಕೊಪ್ಪ, 11:20

ಅಕ್ಕಾ, ತೊಡಂಗ್ ಚಂದದ ಪದ, ಬಿಟ್ಟುಕೊಡೋಕೆ ನನಗೂ ಮನಸ್ಸಿಲ್ಲ. ಆದ್ರೆ ಅದು ಹಿಡಿಯುತ್ತೆ, ಮುಚ್ಚಲ್ಲ. ಒಡಿಕತ್ತಿ ಅಲಗು ಬರಿದಾಗೇ ಇರ್ತದೆ. ಮೇಷ್ಟ್ರ ಒರೆ ಮುಚ್ಚುತ್ತೆ, ಆದ್ರೆ ಮುಚ್ಚೋದು ಅಲಗು. ಪಿಸ್ತೂಲಿನ ನಳಿಗೆ ಮುಚ್ಚಿದ್ರೂ ಒಂದೇ ಬಿಟ್ರೂ ಒಂದೇ, ಮುಚ್ಚಬೇಕಾದ್ದು ಟ್ರಿಗರ್. ಬೀಳದ ಹಾಗೆ ಹಿಡಿಯಲೂ ಬೇಕು, ಟ್ರಿಗರಿಗೆ ಏನೂ ತಾಗದ ಹಾಗೆ ಕಾಯಲೂ ಬೇಕು, ಈ ಎರಡೂ ಸೇರಿದ್ರೆ ಹೋಲ್ಸ್ಟರ್.

ನನ್ನ ಹತ್ರ ಒಂದು ಹಳೇ ಚರ್ಮದ್ದು ಉಂಟು, ಬೆವರು ಕುಡಿದು ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಂಡಿದೆ. ಪಿಸ್ತೂಲ್ ತಳ್ಳಿದ್ರೆ ಆ ಮಡಿಕೆ ನೇರ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಿನ ಬಳೆ) ಒಳಗೆ ನುಗ್ತದೆ, ಬೆರಳೇ ಬೇಡ. ಖಾಲಿ ಪಿಸ್ತೂಲಲ್ಲಿ ಮಾಡಿ ನೋಡಿದೆ, ಮೂರನೇ ಸಲಕ್ಕೆ ಟಿಕ್ ಅಂತು. ಅವತ್ತಿಂದ ಅದು ಅಟ್ಟದ ಮೇಲೆ. ಜಾಕೆಟಿನ ದಾರದ ಗಂಟೂ ಹಾಗೇ ಸಿಕ್ಕಿಕೊಳ್ತದೆ, ಅಂಗಿ ತುದಿನೂ. ಗ್ಲಾಕ್ ಕಂಪನಿ ಪಿಸ್ತೂಲ್ ಥರದ್ದರಲ್ಲಿ ಬೇರೆ ಸೇಫ್ಟಿ ಗುಂಡಿನೇ ಇರಲ್ಲ, ಹೋಲ್ಸ್ಟರೇ ಅದರ ಅರ್ಧ ಸೇಫ್ಟಿ. 2008ರಲ್ಲಿ ನ್ಯೂಯಾರ್ಕಲ್ಲಿ ಪ್ಲಾಕ್ಸಿಕೊ ಬರ್ರೆಸ್ ಅನ್ನೋ ಅಮೆರಿಕನ್ ಫುಟ್ಬಾಲ್ ಆಟಗಾರ ಹೋಲ್ಸ್ಟರಿಲ್ಲದೆ ಗ್ಲಾಕನ್ನ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಲಬ್ಬಿಗೆ ಹೋಗಿ, ಅದು ಜಾರಿ, ತನ್ನ ತೊಡೆಗೇ ಹೊಡ್ಕೊಂಡು ಆಮೇಲೆ ಜೈಲಿಗೂ ಹೋದ.

ಅದಕ್ಕೇ ಇಂಗ್ಲಿಷಲ್ಲಿ ಎರಡು ಹೆಸರು. ಒಳಗಿನ ಭಾಗ ಸವೆದು ಬಿದ್ದ ಏಟಿಗೆ ಹಾರಿದ್ರೆ ಆಕ್ಸಿಡೆಂಟಲ್. ಬೆರಳು ತೆಗೀದೆ ತುರುಕಿ ಹಾರಿದ್ರೆ ನೆಗ್ಲಿಜೆಂಟ್. ನಮ್ಮಲ್ಲಿ 'ಗುಂಡು ಹಾರಿತು' ಅಂದ್ಬಿಟ್ರೆ ಗುಂಡಿನದ್ದೇ ತಪ್ಪು ಅನ್ನೋ ಹಾಗೆ ಕೇಳಿಸ್ತದೆ, 'ಹಾರಿಸಿದ' ಅಂದ್ರೆ ಬೇಕಂತ ಹೊಡೆದ ಹಾಗೆ. ಮಧ್ಯದ್ದು ಬೇಕು. 'ಅಜಾಗರೂಕತೆಯಿಂದ ಗುಂಡು ಹಾರುವುದು' ಅಂತ ಹಾಕಿ, ಪೊಲೀಸ್ ಕನ್ನಡ ಅನಿಸಿದ್ರೂ ಅರ್ಥ ಆಗ್ತದೆ.

ಕುಶಾಲನಗರ, 11:34

ಹೋಲ್ಸ್ಟರ್ ಡಚ್ಚರಿಂದ ಇಂಗ್ಲಿಷಿಗೆ ಹೋದ ಪದ. ಅವರು ಸಾಲ ತಂದದ್ದನ್ನು ನಾವು ಬಡ್ಡಿ ಕಟ್ಟಿ ತರಬೇಕೇ? ಪದದ ಅರ್ಥ ಹಿಗ್ಗುತ್ತದೆ ಸ್ವಾಮಿ. ಒರೆಗೂ ಹಿಗ್ಗಲು ಬಿಡಿ. ಬಳಸದೆ ಇದ್ದರೆ ಎಲ್ಲಿಂದ ಹಿಗ್ಗೀತು?

ಸೋಮವಾರಪೇಟೆ, 11:41

ಕಾಗದ, ಕುರ್ಚಿ, ಜಮೀನು, ವಕೀಲ ಎಲ್ಲಾ ವಾಪಸ್ ಕಳಿಸ್ತೀರಾ? ನಿಮ್ಮನ್ನ ಕರೆಯೋ 'ಮೇಷ್ಟ್ರು' ಯಾವ ಶಾಸನದಲ್ಲಿತ್ತು?

ಕುಶಾಲನಗರ, 11:43

ವಿಷಯಾಂತರ.

ವಿರಾಜಪೇಟೆ, 11:50

ಮೇಷ್ಟ್ರು ಹೇಳಿದ್ರಲ್ಲಿ ಅರ್ಧ ಸರಿನೇ ಇದೆ ಅಂತ ನನಗೆ ಅನಿಸ್ತದೆ, ಬಳಸದ ಪದ ತುಕ್ಕು ಹಿಡೀತದೆ. ಆದ್ರೆ ಕಲಿಯೋಕೆ ಬಂದವನ ತೊಡೆ ಮೇಲೆ ಅದರ ಪ್ರಯೋಗ ಬೇಡ.

ಮಡಿಕೇರಿ, ಮಾರನೇ ದಿನ 10:50

ರಾತ್ರಿ ಹನ್ನೆರಡರ ತನಕ ಎದ್ದು ಓದಿದೆ, ಎಲ್ರಿಗೂ ಥ್ಯಾಂಕ್ಸ್. ಹೀಗೆ ಕೊಟ್ಟೆ: "ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರನ್ನೇ ಬಳಸಿ. ಪಿಸ್ತೂಲನ್ನು ಒಳಗಿಡುವಾಗ ಬೆರಳು ಹೊರಗಿರಲಿ, ಬಟ್ಟೆ, ದಾರ ಸಿಕ್ಕಿಕೊಳ್ಳದಂತೆ ನೋಡಿಕೊಂಡು ನಿಧಾನವಾಗಿ ಇಡಿ. ಅಜಾಗರೂಕತೆಯಿಂದ ಗುಂಡು ಹಾರಿದರೆ ನೀವೇ ಹೊಣೆ." ಕುದುರೆ ಇರೋ ಹಳೇ ಫೈಲ್ ಅಂಗಡಿ ಹುಡುಗನ ಹತ್ರ ಮೊದಲೇ ಹೋಗಿತ್ತು, "ಮೇಡಂ, ಮೂಲೇಲಿ ಒಂದು ಕುದುರೆ ಚಿತ್ರ ಇಡ್ಲಾ" ಅಂತ ಕೇಳಿದ.

ಕುಶಾಲನಗರ, 11:15

'ಅಜಾಗರೂಕತೆ' ಸಂಸ್ಕೃತ. 'ಎಚ್ಚರಗೇಡಿತನ' ಅಂತ ತಿದ್ದಿ.

ಮಡಿಕೇರಿ, 11:16

ಪ್ರಿಂಟಾಯ್ತು ಮೇಷ್ಟ್ರೇ.