ಪದಚರ್ಚೆ: ಕೋಶದೊಳಗಿನ ‘ಸೆಕೆಂಡ್ ಮೆಸೆಂಜರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಜೀವಕೋಶದ ಬಗ್ಗೆ ಬರೆಯುತ್ತಿದ್ದೇನೆ. ಓದುವವರಲ್ಲಿ ಇಂಗ್ಲಿಷ್, ಮರಾಠಿ ಶಾಲೆಗಳಲ್ಲಿ ಕಲಿತವರೇ ಜಾಸ್ತಿ. ‘ಸೆಕೆಂಡ್ ಮೆಸೆಂಜರ್’ (ಕೋಶದ ಹೊರಗೆ ಬಂದ ಸಂದೇಶವನ್ನು ಒಳಗೆ ಮುಟ್ಟಿಸುವ ವಸ್ತು) ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ಇಷ್ಟು. ವಡಾಪಾವ್ ಗಾಡಿಯ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆ, ಅಲ್ವಾ? ಆಗ ನರದ ತುದಿಯಿಂದ ಬಂದ ಸಂದೇಶವಾಹಕ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಜೊಲ್ಲುಗ್ರಂಥಿಯ ಕೋಶಕ್ಕೆ ಹೊರಗಿನಿಂದ ತಾಗುತ್ತದೆ, ಅಷ್ಟೇ. ಒಳಗೆ ಹೋಗುವುದಿಲ್ಲ. ಅದು ತಾಗಿದ್ದಕ್ಕೆ ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವ ಚುರುಕಾಗಿ, ಕೋಶದ ಪೊರೆಯಲ್ಲೇ ಇರುವ ಒಂದು ಕೊಬ್ಬನ್ನು ಎರಡು ತುಂಡು ಮಾಡುತ್ತದೆ. ಒಂದು ತುಂಡು ಪೊರೆಯಲ್ಲೇ ಉಳಿಯುತ್ತದೆ. ಇನ್ನೊಂದು ಐಪಿ3. ಇದು ನೀರಲ್ಲಿ ಕರಗುವಂಥದ್ದು. ಒಳಗೆಲ್ಲ ಹರಡಿ, ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಬಾಗಿಲುಗಳಿಗೆ ಅಂಟಿಕೊಳ್ಳುತ್ತದೆ. ಬಾಗಿಲು ತೆರೆದು, ಅಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಂ ಕೋಶದ ಒಳರಸಕ್ಕೆ ನುಗ್ಗುತ್ತದೆ. ಅದರಿಂದ ಉಪ್ಪಿನ ಅಂಶವಾದ ಕ್ಲೋರೈಡ್ ಕೋಶದಿಂದ ಹೊರಗೆ ಹೋಗುವ ದಾರಿ ತೆರೆಯುತ್ತದೆ. ಉಪ್ಪು ಹೊರಟಲ್ಲಿಗೆ ನೀರೂ ಹೊರಡುತ್ತದೆ. ಅದೇ ಜೊಲ್ಲು. ಐಪಿ3ಯ ಈ ಕೆಲಸ ಮೊದಲು ಗೊತ್ತಾಗಿದ್ದು 1983ರಲ್ಲಿ, ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ.

‘ಎರಡನೇ ದೂತ’ ಅಂದುಬಿಡಬಹುದು. ಅಮೆರಿಕದ ವಿಜ್ಞಾನಿ ಅರ್ಲ್ ಸದರ್ಲ್ಯಾಂಡ್ ಅವರಿಗೆ 1971ರ ನೊಬೆಲ್ ತಂದ ಸೈಕ್ಲಿಕ್ ಎಎಂಪಿಗೆ ಆ ಲೆಕ್ಕ ಸರಿಹೋಗುತ್ತದೆ: ಹೊರಗೆ ಹಾರ್ಮೋನು ಒಂದು, ಒಳಗೆ ಇದು ಎರಡು. ಇಲ್ಲಿ ಹಾಗಲ್ಲ. ಅಸಿಟೈಲ್‌ಕೋಲಿನ್ ಒಂದು, ಐಪಿ3 ಎರಡು, ಹಾಗಾದರೆ ಕ್ಯಾಲ್ಸಿಯಂ ಮೂರಾಗಬೇಕು. ಆದರೆ ಅದನ್ನೂ ‘ಸೆಕೆಂಡ್’ ಅಂತಲೇ ಕರೆಯುತ್ತಾರೆ! ಓದುವ ಹುಡುಗರು ಮೊದಲು ಕೇಳುವುದೇ ಇದನ್ನು. ಅದಕ್ಕೇ ಎಣಿಕೆಯ ಗೋಜೇ ಬೇಡ, ‘ಒಳದೂತ’ ಎನ್ನೋಣ ಅಂತ ನನ್ನ ಮನಸ್ಸು. ‘ಓಲೆಕಾರ’ವೂ ಚೆಂದ, ಆದರೆ ಇಲ್ಲಿನ ಮಕ್ಕಳಿಗೆ ಮರಾಠಿಯ ‘ನಿರೋಪ್ಯಾ’ನೇ ಹೆಚ್ಚು ಪರಿಚಯ.

ಕ್ಯಾಲ್ಸಿಯಂ ಹೀಗೆ ನುಗ್ಗುವ ‘ರಿಲೀಸ್’ಗೆ ‘ಬಿಡುಗಡೆ’ ಸಾಕು. ಒಬ್ಬರು ‘ಸೋರಿಕೆ’ ಸೂಚಿಸಿದರು, ನಾನು ಒಪ್ಪಲಿಲ್ಲ. ಯಾವ ಕರೆಯೂ ಇಲ್ಲದೆ ಸುಮ್ನೆ ಸೋರುವ ಕ್ಯಾಲ್ಸಿಯಂ ಬೇರೆಯೇ ಇದೆ, ಅದನ್ನು ಪಂಪುಗಳು ವಾಪಸ್ ತುಂಬುತ್ತಲೇ ಇರುತ್ತವೆ. ಎರಡಕ್ಕೂ ಒಂದೇ ಪದವಾದರೆ ಗೊಂದಲ.

ಇನ್ನು ‘ರಿಸೆಪ್ಟರ್’, ಅಂದರೆ ದೂತ ಬಂದು ಅಂಟಿಕೊಳ್ಳುವ ಕೋಶದ ಪ್ರೋಟೀನು. ‘ಗ್ರಾಹಕ’ ಅಂತ ಬರೆದರೆ ಮುಂಬೈಯಲ್ಲಿ ಅಂಗಡಿಗೆ ಬಂದ ಗಿರಾಕಿಯೇ ಕಣ್ಮುಂದೆ ಬರುತ್ತಾನೆ. ‘ಗ್ರಾಹಿ’ ನಡೆಯುತ್ತದೆಯೇ? ಪಾಠ ಮಾಡುವವರು ತರಗತಿಯಲ್ಲಿ ಬಾಯಿಬಿಟ್ಟು ಏನೆನ್ನುತ್ತೀರಿ, ಅದನ್ನೇ ತಿಳಿಸಿ.